ನೆಟ್ಟಗಾದ ಗೋಪುರ

ಮನೆಯ ಗೋಡೆ ಬಿರುಕು ಬಿಟ್ಟರೆ ಜನ ಮೇಸ್ತ್ರಿಯನ್ನು ಬಯ್ಯುವುದಕ್ಕಿಂತ ಮೊದಲು ಸಿಮೆಂಟ್ ಮಾರಿದವನನ್ನು ಬಯ್ಯುತ್ತಾರೆ. ಗುಬ್ಬಿಯಲ್ಲಿ ಸಿಮೆಂಟ್ ಅಂಗಡಿ ಇಟ್ಟ ದಿನದಿಂದ ಆ ಬೈಗುಳ ತಿಂದೇ ಬದುಕಿದವನು ನಾನು. ಹೀಗಿರುವಾಗ, ಕಟ್ಟಿದ್ದು ವಾಲಿದರೂ ಯಾರೂ ಬಯ್ಯದೆ, ದೋಣಿ ಹತ್ತಿ ಬಂದು ನೋಡಿ ಮೆಚ್ಚಿಕೊಂಡು ಹೋಗುವ ಗೋಪುರವೊಂದಿದೆ ಎಂದು ತಿಳಿದಾಗ ಹೊಟ್ಟೆಕಿಚ್ಚಾದದ್ದು ಸಹಜ. ಅದಿರುವುದು ಇಟಲಿಯಲ್ಲಿ, ವೆನಿಸ್ ಪಕ್ಕದ ಬುರಾನೊ ಎಂಬ ಪುಟ್ಟ ದ್ವೀಪದಲ್ಲಿ. ಎರಡು ಸಾವಿರದ ಇಸವಿ ದಾಟಿದ ಮೇಲೆ, ಚೆನ್ನಾಗಿ ಮಾಲು ಎತ್ತಿ ಮಾರಿದ ಡೀಲರುಗಳನ್ನು ಸಿಮೆಂಟ್ ಕಂಪನಿಯವರು ಹೆಂಡತಿ ಸಮೇತ ಫಾರಿನ್ ಟೂರಿಗೆ ಕರೆದೊಯ್ಯುತ್ತಿದ್ದರು. ಒಂದು ಸಲ ನನ್ನ ಹೆಸರೂ ಬಂತು.

ಸುದ್ದಿ ಕೇಳಿ ಕಡಬದಿಂದ ಮಾವನವರು ಬಂದರು. ತೆಂಗಿನ ತೋಟದ ಮನುಷ್ಯ, ಮಾತು ಕಡಿಮೆ. ಒಡಹುಟ್ಟಿದ ತಮ್ಮ ಕುಡಿದು ಕುಡಿದೇ ಹೋದದ್ದನ್ನು ಕಣ್ಣಾರೆ ಕಂಡವರು. "ಡೀಲರ್ ಟೂರು ಅಂದ್ರೆ ಬರೀ ಗುಂಡು ಪಾರ್ಟಿ ಅಂತೆ ಅಳಿಯಂದ್ರೇ. ಮುಟ್ಟಲ್ಲ ಅಂತ ನನ್ನ ಕೈ ಮೇಲೆ ಕೈ ಇಟ್ಟು ಹೇಳಿ" ಎಂದರು. ಹೇಳಿದೆ. ಆ ಮಾತನ್ನು ಉಳಿಸಿಕೊಂಡೆ ಕೂಡ. ಉಳಿದ ಡೀಲರುಗಳು ಗ್ಲಾಸು ಎತ್ತುವಾಗ ನಾನು ಜ್ಯೂಸು ಹೀರುತ್ತಾ, ಹೆಂಡತಿ ಸುಶೀಲ ಊರಿಂದ ಹೊತ್ತು ತಂದಿದ್ದ ನಿಪ್ಪಟ್ಟು ಕಡಿಯುತ್ತಾ ಕೂತಿದ್ದೆ.

ದ್ವೀಪದಲ್ಲಿ ಇಳಿದರೆ, ಬಣ್ಣಬಣ್ಣದ ಮನೆಗಳ ಹಿಂದೆ ಚರ್ಚಿನ ಹಳೆಯ ಗಂಟೆ ಗೋಪುರ ಒಂದು ಕಡೆಗೆ ಆರಾಮವಾಗಿ ವಾಲಿಕೊಂಡು ನಿಂತಿತ್ತು. ನಾವೆಲ್ಲ ತಲೆಯೆತ್ತಿ ನೋಡಿ ಪಾಯದ ಬಗ್ಗೆ ಚರ್ಚೆ ಶುರು ಮಾಡಿದೆವು. "ನಮ್ಮೂರಲ್ಲಾಗಿದ್ರೆ ಓನರ್ ಇಷ್ಟೊತ್ತಿಗೆ ನಮ್ ಅಂಗ್ಡಿ ಮುಂದೆ ಧರಣಿ ಕೂತಿರೋನು" ಎಂದ ಕುಣಿಗಲ್ಲಿನ ಡೀಲರ್. ಅವನೇ ತನ್ನ ಹೊಸ ಡಿಜಿಟಲ್ ಕ್ಯಾಮೆರಾದಲ್ಲಿ ನಮ್ಮಿಬ್ಬರ ಫೋಟೋ ತೆಗೆದ. ನಾನು ಎದೆ ಸೆಟೆದು ನೆಟ್ಟಗೆ ನಿಂತೆ. ಸುಶೀಲಳಿಗೆ ಫೋಟೋಕ್ಕೆ ನಿಂತರೆ ಒಂದು ಕಡೆ ವಾಲುವ ಅಭ್ಯಾಸ. ಅವತ್ತು ಗೋಪುರ ವಾಲಿದ ಕಡೆಗೇ ವಾಲಿದ್ದಳು.

ಊರಿಗೆ ಬಂದು, ಫೋಟೋ ದೊಡ್ಡದು ಮಾಡಿ ಫ್ರೇಮ್ ಹಾಕು ಎಂದು ಸ್ಟುಡಿಯೋದ ನಾಗರಾಜನಿಗೆ ಸಿ.ಡಿ. ಕೊಟ್ಟೆ. ಅವನ ಅಂಗಡಿಗೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು. ಯಾರೋ ಕ್ಯಾಮೆರಾವನ್ನು ಸೊಟ್ಟಗೆ ಹಿಡಿದಿದ್ದಾರೆಂದು ಮರುಗಿದ ಅವನು ಫೋಟೋ ತಿರುಗಿಸಿ ಗೋಪುರವನ್ನು ನೆಟ್ಟಗೆ ನಿಲ್ಲಿಸಿ, ನಮ್ಮ ಸೊಂಟದಿಂದ ಕೆಳಗಿನದನ್ನೆಲ್ಲ ಕತ್ತರಿಸಿ, ಫ್ರೇಮನ್ನು ಮನೆಗೇ ತಲುಪಿಸಿಬಿಟ್ಟ. ನಾನು ಸಂಜೆ ತುಮಕೂರಿನಿಂದ ಬರುವಷ್ಟರಲ್ಲಿ ಅದು ಹಾಲಿನ ಗೋಡೆಯ ಮೇಲಿತ್ತು, ಎದುರಿಗೆ ಮಾವನವರು ಕೂತಿದ್ದರು. ಫೋಟೋದಲ್ಲಿ ಗೋಪುರ ನೆಟ್ಟಗಿತ್ತು, ಸುಶೀಲ ನೆಟ್ಟಗಿದ್ದಳು. ವಾಲಿದ್ದವನು ನಾನೊಬ್ಬನೇ.

"ಕೈ ಇಟ್ಟು ಹೇಳಿದ್ರಲ್ಲ ಅಳಿಯಂದ್ರೇ" ಎಂದರು.

"ನಾನು ನೆಟ್ಟಗೇ ನಿಂತಿದ್ದೆ ಮಾವ. ವಾಲಿರೋದು ಗೋಪುರ."

"ಕುಡ್ದೋರಿಗೆ ಹಂಗೇ ಕಾಣೋದು."

ಸುಶೀಲ ಅಡುಗೆಮನೆಯಿಂದ ಬಂದು, "ಇಲ್ಲ ಕಣಪ್ಪ, ಇವ್ರು ಮುಟ್ಟಿಲ್ಲ" ಎಂದಳು. "ನೀನು ಗಂಡನ್ನ ಬಿಟ್ಕೊಡ್ತೀಯೇನವ್ವ" ಎಂದು ಅವರು ಟವಲ್ ಹೆಗಲಿಗೆ ಹಾಕಿಕೊಂಡು, ಊಟಕ್ಕೂ ನಿಲ್ಲದೆ ಹೊರಟರು. ನಿಜವಾಗಿ ಕುಡಿದು ಬೈಸಿಕೊಂಡಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ನನ್ನನ್ನು ಮಗನಂತೆ ನೋಡಿದವರು ಅವರು.

ಫೋಟೋವನ್ನು ಮತ್ತೆ ಮೊದಲಿನ ಹಾಗೆ ಮಾಡಿಸೋಣ ಎಂದೆ. ಸುಶೀಲ ಒಪ್ಪಲಿಲ್ಲ. "ಮದ್ವೆ ಆದಾಗಿಂದ ನಾನು ನೆಟ್ಟಗೆ ಬಂದಿರೋ ಫೋಟೋ ಇದೊಂದೇ ರೀ, ಮುಟ್ಟಬೇಡಿ" ಎಂದಳು. ಬೇರೆ ದಾರಿ ಕಾಣದೆ, ಮಾವನವರು ಮತ್ತೆ ಬರುವ ದಿನ ಬೆಳಿಗ್ಗೆ ಫ್ರೇಮನ್ನೇ ಮೊಳೆಯ ಮೇಲೆ ಒಂದಿಷ್ಟು ಓರೆ ಮಾಡಿದೆ. ಗೋಪುರ ಅಲ್ಲಿ ಇದ್ದ ಹಾಗೇ ವಾಲಿತು, ನಾನು ಅಲ್ಲಿ ನಿಂತ ಹಾಗೇ ನೆಟ್ಟಗಾದೆ.

ಮಾವನವರು ಬಂದು ಕೂತು, ಕಾಫಿ ಕುಡಿಯುತ್ತಾ ತುಂಬ ಹೊತ್ತು ಗೋಡೆ ನೋಡಿದರು. ಲೋಟ ತೆಗೆದುಕೊಳ್ಳಲು ಬಂದ ಮಗಳಿಗೆ ಮೆಲ್ಲಗೆ, "ಒಂದು ಫ್ರೇಮೂ ನೆಟ್ಟಗೆ ಹಾಕಕ್ಕೆ ಆಗ್ತಿಲ್ವಲ್ಲವ್ವ. ಇನ್ನೂ ಬಿಟ್ಟಿಲ್ಲ ಅಂತ ಕಾಣುತ್ತೆ" ಎಂದರು. ನಾನು ಎದ್ದು ಹೋಗಿ, ಫ್ರೇಮ್ ನೆಟ್ಟಗೆ ಮಾಡಿ, ನನ್ನನ್ನು ಮತ್ತೆ ವಾಲಿಸಿ ಬಂದು ಕೂತೆ.