ಎಂಜಿನ್ ಗಣಪತಿಯ ಎರಡು ನಿಮಿಷ

ನಮ್ಮ ಗಾಡಿಗೆ ಹದಿನಾರು ಬೋಗಿ. ಬೋಗಿಗೆ ನಾಲ್ಕರಂತೆ ಅರವತ್ತನಾಲ್ಕು ಶೌಚಾಲಯ. ಎಂಜಿನ್ನಿಗೆ ಒಂದೂ ಇಲ್ಲ. ಇದನ್ನು ನಾನು ದೂರೆಂದು ಬರೆಯುತ್ತಿಲ್ಲ. ಭಗವಂತನ ಸೃಷ್ಟಿಯಲ್ಲಿ ಯಾವುದು ಎಲ್ಲಿರಬೇಕೋ ಅಲ್ಲೇ ಇರುತ್ತದೆ. ಹಿಂದೆ ಕೂತು ಪ್ರಯಾಣ ಮಾಡುವವರಿಗೆ ದೇಹಬಾಧೆ ಉಂಟು, ಮುಂದೆ ಕೂತು ಗಾಡಿ ಓಡಿಸುವ ಇಬ್ಬರಿಗೆ ಇಲ್ಲ ಎಂದು ಮೇಲಿನವರು ನಂಬಿದ್ದರು. ರಾಮನಗರದ ಚಾಲಕರ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಹಾಜರಿ ಪುಸ್ತಕ ನೋಡಿಕೊಂಡಿರುವ ನಾನೂ, ಅಂದರೆ ಪುಟ್ಟಲಿಂಗಯ್ಯನೂ, ಹಾಗೇ ನಂಬಿದ್ದೆ.

ಈ ನಂಬಿಕೆಯನ್ನು ಮೊದಲು ಅಲುಗಾಡಿಸಿದವಳು ನಯನ. ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಯ ಹುಡುಗಿ. ಅಪ್ಪನಿಗೆ ನಲವತ್ತು ಕುರಿ. ಮಗಳು ಕಷ್ಟಪಟ್ಟು ಓದಿ, ಪರೀಕ್ಷೆ ಬರೆದು, ಎಂಜಿನ್ನಿನ ಸಹಾಯಕ ಚಾಲಕಿಯಾದಳು. ಬೆಳಗಿನ ಗಾಡಿ ತೆಗೆದುಕೊಂಡು ಹೋಗಿ, ಅದನ್ನೇ ತಿರುಗಿಸಿಕೊಂಡು ಬರುವುದು ಅವಳ ಡ್ಯೂಟಿ. ಐದೂವರೆ ಗಂಟೆ ಎಂಜಿನ್ನಿನಿಂದ ಇಳಿಯುವಂತಿಲ್ಲ. ಹಾಗಾಗಿ ಹಿಂದಿನ ದಿನ ಸಂಜೆಯಿಂದಲೇ ನೀರು ನಿಲ್ಲಿಸುತ್ತಿದ್ದಳು. ಎರಡು ವರ್ಷದಲ್ಲಿ ಎರಡು ಸಲ ಮೂತ್ರಪಿಂಡದಲ್ಲಿ ಕಲ್ಲು ಕಂಡಿತು. ಡಾಕ್ಟರಮ್ಮ ನಿಖಾತ್ ಅವರು ಚೀಟಿಯಲ್ಲಿ ದಿನಕ್ಕೆ ಮೂರು ಲೀಟರ್ ನೀರು ಎಂದು ಬರೆದು, ಬಾಯಲ್ಲೂ ಹೇಳಿ ಕಳಿಸಿದರು: ‘ಆರು ತಿಂಗಳ ತಪಾಸಣೆಯಲ್ಲಿ ಮತ್ತೆ ಕಲ್ಲು ಕಂಡರೆ ನಿನ್ನನ್ನ ಎಂಜಿನ್ ಮೇಲೆ ಬಿಡೋದಿಲ್ಲಮ್ಮ. ಕಚೇರಿಯಲ್ಲಿ ಕೂತು ಫೈಲಿಗೆ ದಾರ ಕಟ್ಟುತ್ತೀಯ ಅಷ್ಟೆ.’

ಅವಳು ಚೀಟಿ ಹಿಡಿದು ನೇರ ನನ್ನ ಮೇಜಿಗೆ ಬಂದಳು.

‘ಪುಟ್ಲಿಂಗಣ್ಣ, ಒಸಿ ಈ ಅರ್ಜಿ ನೋಡಣ್ಣ. ಚನ್ನಪಟ್ಣ ದಾಟಿದ್ಮೇಲೆ ಹೊಂಗೇಪಾಳ್ಯ ಐತಲ್ಲ, ಅಲ್ಲಿ ಗಾಡಿ ಒಂದ್ ನಿಮ್ಸ ನಿಲ್ತೈತೆ. ಇನ್ನೆರಡು ನಿಮ್ಸ ನಿಲ್ಸುದ್ರೆ ಸಾಕು. ಎಂಜಿನ್ ನಿಲ್ಲೋ ಜಾಗದಿಂದ ಟೇಸನ್ ಕಕ್ಕಸಿಗೆ ಅರ್ವತ್ತೇ ಹೆಜ್ಜೆ. ನಾನೇ ಎಣಿಸಿವ್ನಿ.’

ನಾನು ಸಮಾಧಾನದಿಂದ ಹೇಳಿದೆ: ‘ಕಾರ್ತಿಕ ಸೋಮವಾರ ನಾನೂ ಹೊತ್ತು ಮುಳುಗೋವರೆಗೆ ನೀರು ಮುಟ್ಟಲ್ಲಮ್ಮ. ಮನಸ್ಸು ಹಗುರ ಆಗುತ್ತೆ.’

‘ನಿಮ್ಗೆ ವರ್ಸಕ್ಕೆ ನಾಕು ಸೋಮ್ವಾರ ಕಣಣ್ಣ. ನಂಗೆ ವಾರಕ್ಕಾರು. ಮನ್ಸು ಹಗುರಾಗದು ಅತ್ಲಾಗಿರ್ಲಿ, ಕಿಡ್ನಿ ಭಾರ ಆಯ್ತಾ ಐತೆ.’

ಅರ್ಜಿಯನ್ನು ಮೇಲಕ್ಕೆ ಕಳಿಸಿದೆ. ಇಪ್ಪತ್ತು ದಿನದಲ್ಲಿ ಉತ್ತರ ಬಂತು. ಅಷ್ಟು ಬೇಗ ಬಂದದ್ದೇ ದೈವಕೃಪೆ. ಉತ್ತರ ಹೀಗಿತ್ತು:

‘ಸದರಿ ಗಾಡಿಯಲ್ಲಿ ಸರಾಸರಿ ಒಂದು ಸಾವಿರದ ನಾನೂರು ಪ್ರಯಾಣಿಕರಿದ್ದು, ತಲಾ ಎರಡು ನಿಮಿಷದಂತೆ ಎರಡು ಸಾವಿರದ ಎಂಟುನೂರು ನಿಮಿಷ, ಅರ್ಥಾತ್ ರಾಷ್ಟ್ರದ ಸುಮಾರು ಎರಡು ದಿನಗಳು ವ್ಯಯವಾಗುತ್ತವೆ. ಓರ್ವ ನೌಕರರ ವೈಯಕ್ತಿಕ ದ್ರವದ ಸಲುವಾಗಿ ರಾಷ್ಟ್ರದ ಎರಡು ದಿನಗಳನ್ನು ಬಿಟ್ಟುಕೊಡಲು ನಿಯಮಗಳಲ್ಲಿ ಅವಕಾಶವಿರುವುದಿಲ್ಲ. ಆದಾಗ್ಯೂ ವಿಷಯದ ಗಾಂಭೀರ್ಯವನ್ನು ಮನಗಂಡು ಸಮಿತಿಯೊಂದನ್ನು ರಚಿಸಲಾಗಿದೆ.’

ಚಾಲಕ ಸೌಕರ್ಯ ಪರಿಶೀಲನಾ ಸಮಿತಿ ಎಂದು ಅದರ ಹೆಸರು. ಅಧ್ಯಕ್ಷರು ಮಧುಕುಮಾರ್ ಸಾಹೇಬರು, ಬಹಳ ಸಜ್ಜನರು. ಎಂಜಿನ್ನಿನ ಕಷ್ಟವನ್ನು ಕಣ್ಣಾರೆ ಕಾಣಬೇಕೆಂದು ಅದೇ ಗಾಡಿಯ ಕೊನೆಗೆ ತಮ್ಮ ಸ್ವಂತ ತನಿಖಾ ಬೋಗಿ ಕಟ್ಟಿಸಿಕೊಂಡು ಮೂರು ದಿನ ಓಡಾಡಿದರು. ಅದರಲ್ಲಿ ಸಾಹೇಬರಿಗೊಂದು, ಸಾಹೇಬರ ಅಡಿಗೆಯವನಿಗೊಂದು, ಹೀಗೆ ಎರಡು ಶೌಚಾಲಯಗಳಿದ್ದವು. ನಾಲ್ಕನೆಯ ದಿನ ಚಾಲಕರ ಅಭಿಪ್ರಾಯ ಕೇಳಲು ನಮ್ಮ ಕಚೇರಿಗೆ ಬಂದರು. ನಯನಳ ಜೊತೆಯ ಮುಖ್ಯ ಚಾಲಕ ಕೆಂಪರಾಜು. ಕನಕಪುರದವನು, ಇಪ್ಪತ್ತೆಂಟು ವರ್ಷದ ಸರ್ವೀಸು, ದೇವಸ್ಥಾನದ ಮೆಟ್ಟಿಲು ಹತ್ತಿದವನಲ್ಲ. ಅವನನ್ನು ಕೂರಿಸಿಕೊಂಡು ಸಾಹೇಬರು ಕೇಳಿದರು:

‘ಕರ್ತವ್ಯದ ಅವಧಿಯಲ್ಲಿ ಸರಾಸರಿ ಎಷ್ಟು ಸಲ ಅನ್ನಿಸುತ್ತೆ?’

‘ಅನ್ನಿಸೋದು ಒಂದೇ ಸಲ ಸಾರ್. ಹತ್ತಿದಾಗಿಂದ ಇಳಿಯೋಗಂಟ.’

‘ಒಂದು ಸಲ’ ಎಂದು ಬರೆದುಕೊಂಡರು.

ಸಮಿತಿಯ ಮಧ್ಯಂತರ ವರದಿಯಂತೆ ಎಂಜಿನ್ನಿಗೆ ತಕ್ಷಣದ ಸೌಕರ್ಯಗಳು ಬಂದವು. ಸೀಟಿಗೆ ಮೆರೂನ್ ಬಣ್ಣದ ಕವರು. ಗಾಜಿನ ಕಡೆ ಮುಖ ಮಾಡಿದ ಫ್ಯಾನು, ಏಕೆಂದರೆ ಗಾಜಿಗೆ ಮಂಜು ಹಿಡಿಯಬಾರದು. ಚಾಲಕರ ಬೆವರು ಗಾಡಿಯ ಸುರಕ್ಷತೆಗೆ ಅಡ್ಡ ಬರುವುದಿಲ್ಲ. ಮತ್ತು ಕಣ್ಣೆದುರಿಗೇ ಒಂದು ಬಣ್ಣದ ಭಿತ್ತಿಪತ್ರ: ‘ಸಾಕಷ್ಟು ನೀರು ಕುಡಿಯಿರಿ, ಆರೋಗ್ಯವಾಗಿರಿ.’ ನಯನ ಅದರ ಮುಂದೆ ಒಣಗಿದ ತುಟಿ ಸವರಿಕೊಂಡು ಎರಡು ತಿಂಗಳು ಡ್ಯೂಟಿ ಮಾಡಿದಳು. ನಮ್ಮ ಕಚೇರಿಯ ಕ್ಯಾಲೆಂಡರಿನಲ್ಲಿ ತಪಾಸಣೆಯ ತಾರೀಖಿಗೆ ಕೆಂಪು ಪೆನ್ನಿನಲ್ಲಿ ಸೊನ್ನೆ ಸುತ್ತಿ, ಬಂದಾಗಲೆಲ್ಲ ಅದನ್ನೇ ನೋಡುತ್ತಿದ್ದಳು.

ಭಗವಂತ ಕರುಣಾಳು. ಅಂತಿಮ ವರದಿಯಲ್ಲಿ ಪ್ರಾಯೋಗಿಕವಾಗಿ ಒಂದು ಎಂಜಿನ್ನಿಗೆ, ಅದೂ ನಮ್ಮ ನಯನಳ ಎಂಜಿನ್ನಿಗೇ, ಶೌಚಾಲಯ ಮಂಜೂರಾಯಿತು. ಎಂಜಿನ್ ಶೆಡ್ಡಿನಿಂದ ಬರುವಾಗಲೇ ಬಾಗಿಲ ಮೇಲೆ ಸೂಚನಾ ಫಲಕ ಜಡಿದಿತ್ತು:

‘೧. ಗಾಡಿ ಚಲಿಸುತ್ತಿರುವಾಗ ಚಾಲಕರಿಬ್ಬರೂ ಸಿಗ್ನಲ್ ನೋಡಬೇಕಾಗಿರುವುದರಿಂದ ಬಳಸತಕ್ಕದ್ದಲ್ಲ.
೨. ಗಾಡಿ ನಿಂತಿರುವಾಗ ನಿಲ್ದಾಣದ ಶುಚಿತ್ವದ ದೃಷ್ಟಿಯಿಂದ ಬಳಸತಕ್ಕದ್ದಲ್ಲ.
೩. ಉಳಿದೆಲ್ಲ ಸಮಯಗಳಲ್ಲಿ ಮುಕ್ತವಾಗಿ ಬಳಸಬಹುದು.’

ಕೆಂಪರಾಜು ಎರಡು ಸಲ ಓದಿದ. ‘ಲೇ ಪುಟ್ಲಿಂಗ, ಓಡ್ತಾನೂ ಇರ್ಬಾರ್ದು, ನಿಂತೂ ಇರ್ಬಾರ್ದು ಅಂದ್ರೆ ಹಳಿ ಬುಟ್ಟು ಮಗುಚ್ಕಂಡಾಗ ಕಣ್ಲಾ!’

‘ಬಿಡ್ತು ಅನ್ನು’ ಎಂದೆ. ಬಿಡ್ತು ಅಂದ.

ನಿಯಮವನ್ನು ಓದದೆ ಬಳಸಿದರೆ ನಿಯಮ ಮುರಿದಂತಾಗುವುದಿಲ್ಲ ಎಂಬ ತೀರ್ಮಾನಕ್ಕೆ ನಯನ ಬಂದಿದ್ದಳು ಎಂದು ಕಾಣುತ್ತದೆ. ಉದ್ಘಾಟನೆಯ ದಿನ ರಾಮನಗರದ ಪ್ಲಾಟ್‌ಫಾರಂನಲ್ಲಿ ಅವಳು ಒಂದು ದೊಡ್ಡ ಬಾಟಲಿ ನೀರನ್ನು ನಿಂತಲ್ಲೇ ಗಟಗಟ ಕುಡಿದಳು. ಡ್ಯೂಟಿಯ ಮೇಲೆ ಅವಳು ನೀರು ಕುಡಿದದ್ದನ್ನು ನಾನು ಕಂಡದ್ದು ಅದೇ ಮೊದಲು. ಮುಖದಲ್ಲಿ ಅಂಥ ಕಳೆ!

ಪೂಜೆಯ ಹೊಣೆ ನನ್ನದು. ಕಚೇರಿಯಲ್ಲಿ ಏನೇ ಹೊಸದು ಬರಲಿ, ಬೀರು, ಕಂಪ್ಯೂಟರು, ನೀರಿನ ಫಿಲ್ಟರು, ಪೂಜೆ ನನ್ನ ಕೈಯಲ್ಲೇ ಆಗುವುದು ರೂಢಿ. ಆ ಪುಟ್ಟ ಕೋಣೆಯನ್ನು ಕಂಡು ನನಗೆ ಕಣ್ಣು ತುಂಬಿತು. ಸುತ್ತ ಸ್ಟೀಲಿನ ಗೋಡೆ, ಬೆಳ್ಳಿ ಗರ್ಭಗುಡಿಯ ಹಾಗೆ. ಮುಖ ಪೂರ್ವಕ್ಕೆ. ಇನ್ನೂ ನೀರಿನ ಸಂಪರ್ಕ ಕೊಟ್ಟಿರಲಿಲ್ಲವಾದ್ದರಿಂದ ಮಡಿಗೆ ಕೊರತೆಯಿರಲಿಲ್ಲ. ಕಮೋಡಿನ ಮೇಲೆ ಹೊಸ ಹಲಗೆ ಹಾಸಿ, ಹಲಗೆಯ ಮೇಲೆ ಬಾಳೆಲೆ, ಅಕ್ಕಿ, ಕಲಶ. ಗೋಡೆಗೆ ವಿಘ್ನೇಶ್ವರನ ಪಟ. ಗಂಧ, ಕುಂಕುಮ, ಸೇವಂತಿಗೆ. ಮನಸ್ಸು ಕರಗಿ ಹೋಗಿ, ಬರೀ ಪೂಜೆ ಮಾಡಬೇಕಾದ ಕಡೆ ಪ್ರತಿಷ್ಠೆಯ ಮಂತ್ರವನ್ನೇ ಹೇಳಿಬಿಟ್ಟೆ. ಸಾಹೇಬರು ರಿಬ್ಬನ್ ಕತ್ತರಿಸಿ, ಕಾಯಿ ಒಡೆದು, ರಿಜಿಸ್ಟರಿಗೆ ಸಹಿ ಹಾಕಿದರು.

ಹೊರಗೆ ಕಾಲಿಗೆ ಕಾಲು ಹೆಣೆದು ನಿಂತಿದ್ದ ನಯನ ಕೇಳಿದಳು: ‘ಅಣ್ಣ, ಆಯ್ತಾ?’

‘ಆಯ್ತಮ್ಮ. ಸ್ವಾಮಿ ಬಂದು ನೆಲೆಸಿದ್ದಾನೆ.’

ಅವಳು ಬಾಗಿಲಿಗೆ ಕೈ ಹಾಕಿದಳು. ಕಲಶ ನೋಡಿದಳು. ಪಟ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಬಾಗಿಲಲ್ಲಿದ್ದ ನಮಗೆಲ್ಲರಿಗೂ ಒಂದೇ ಕ್ಷಣದಲ್ಲಿ ಒಂದೇ ವಿಚಾರ ಹೊಳೆಯಿತು.

‘ತೆಗೀರಣ್ಣ, ಬೇಗ’ ಎಂದಳು.

ನಾನು ಸಾಹೇಬರನ್ನು ನೋಡಿದೆ. ಸಾಹೇಬರು ನಿಯಮದ ಪುಸ್ತಕ ತಿರುವಿ ಹೇಳಿದರು: ‘ಪ್ರತಿಷ್ಠಾಪನೆಗೆ ನನಗೆ ಅಧಿಕಾರವಿದೆ. ಈಗತಾನೇ ಸಹಿ ಹಾಕಿದ್ದೇನೆ. ತೆಗೆಯೋ ಅಧಿಕಾರ ಯಾರಿಗಿದೆ ಅಂತ ಪುಸ್ತಕದಲ್ಲಿ ಇಲ್ಲ. ಬರೆದು ಕೇಳೋಣ.’

‘ಸಾರ್, ಉತ್ರ ಬರೋಗಂಟ ನಾನೇನ್ ಮಾಡ್ಲಿ?’

‘ನಮಸ್ಕಾರ ಮಾಡಮ್ಮ.’

ಅವಳು ನಮಸ್ಕಾರ ಮಾಡಿ, ನಿಲ್ದಾಣದ ಹಿಂಭಾಗಕ್ಕೆ ಓಡಿದಳು. ಅವತ್ತು ಗಾಡಿ ಆರು ನಿಮಿಷ ತಡವಾಗಿ ಹೊರಟದ್ದಕ್ಕೆ ಅವಳ ಮೇಲೆ ಮೆಮೊ ಹೋಯಿತು. ಮಾರನೆಯ ದಿನದಿಂದ ಮತ್ತೆ ಒಣತುಟಿ.

ಆದರೆ ಸ್ವಾಮಿ ಸುಮ್ಮನೆ ಕೂರುವವನಲ್ಲ. ಹೊಂಗೇಪಾಳ್ಯದಲ್ಲಿ ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ತೆಗೆದುಕೊಂಡು ಹೋಗಿಬರುವ ಚಿನ್ನಮ್ಮ ಎಂಬ ತಾಯಿ ಒಂದು ಶನಿವಾರ ಎಂಜಿನ್ನಿನ ತೆರೆದ ಬಾಗಿಲಲ್ಲಿ ಪಟವನ್ನು ಕಂಡು ಎರಡು ಮೊಳ ಮಲ್ಲಿಗೆ ಏರಿಸಿದರು. ಸೋಮವಾರ ಅವರ ಗೂಡಿಗೆ ಒಳ್ಳೆ ದರ ಸಿಕ್ಕಿತು. ಮುಂದಿನ ಶನಿವಾರ ಹನ್ನೆರಡು ಜನ. ಅದರ ಮುಂದಿನ ಶನಿವಾರ ಹಳಿಯ ಮೇಲೇ ಸಾಲು. ಕೆಂಪರಾಜು ಹಾರನ್ ಹೊಡೆದ. ಜನ ಅದನ್ನು ಶಂಖನಾದವೆಂದು ತಿಳಿದು ಕೈಮುಗಿದರು. ಗಾಡಿ ಹನ್ನೊಂದು ನಿಮಿಷ ತಡವಾಯಿತು.

ಸಮಿತಿ ತುರ್ತಾಗಿ ಸೇರಿತು. ಹೊರಬಿದ್ದ ಆದೇಶವನ್ನು ನಾನು ಕಟ್ಟು ಹಾಕಿಸಿ ಇಟ್ಟಿದ್ದೇನೆ:

‘ಭಕ್ತಾದಿಗಳ ಭಾವನೆಗಳನ್ನು ಗೌರವಿಸಿ, ಹೊಂಗೇಪಾಳ್ಯ ನಿಲ್ದಾಣದಲ್ಲಿ ಸದರಿ ಗಾಡಿಯ ನಿಲುಗಡೆಯನ್ನು ಮಂಗಳಾರತಿಯ ಸಲುವಾಗಿ ಪ್ರತಿದಿನ ಎರಡು ನಿಮಿಷ ವಿಸ್ತರಿಸಲಾಗಿದೆ. ಒಂದು ಸಾವಿರದ ನಾನೂರು ಪ್ರಯಾಣಿಕರಿಗೆ ತಲಾ ಎರಡು ನಿಮಿಷದ ಪುಣ್ಯದಂತೆ ರಾಷ್ಟ್ರಕ್ಕೆ ದಿನವೊಂದಕ್ಕೆ ಸುಮಾರು ಎರಡು ದಿನಗಳ ಪುಣ್ಯ ಸಂಚಯವಾಗುವುದರಿಂದ ನಷ್ಟವಿರುವುದಿಲ್ಲ. ಆರತಿಯ ಮೇಲ್ವಿಚಾರಣೆಗೆ ಶ್ರೀ ಪುಟ್ಟಲಿಂಗಯ್ಯನವರನ್ನು ನಿಯೋಜಿಸಲಾಗಿದೆ.’

ನಯನ ಆ ಕಾಗದವನ್ನು ನನ್ನ ಮೇಜಿನ ಮುಂದೆ ನಿಂತು ಓದಿದಳು. ಆಮೇಲೆ ಕೇಳಿದಳು:

‘ಅಣ್ಣ, ಆರತಿ ಹೊತ್ನಲ್ಲಿ ನಾವು ಎಂಜಿನ್ನಿಂದ ಇಳೀಬೌದಾ?’

‘ಒಬ್ಬರು ಮೇಲಿರಬೇಕು. ಇನ್ನೊಬ್ಬರು ಇಳಿದು ಪ್ರದಕ್ಷಿಣೆ ಹಾಕಬಹುದಮ್ಮ. ಯಾರು ಬೇಡ ಅಂತಾರೆ?’

‘ಒಂದೇ ಆರ್ತಿನಾ? ಪಂಚಾರ್ತಿ ಮಾಡ್ಸಕ್ಕಾಗಕಿಲ್ವಾ?’

ಇವತ್ತಿನ ಕಾಲದ ಹುಡುಗಿಯ ಬಾಯಲ್ಲಿ ಪಂಚಾರತಿ! ಅವತ್ತೇ ಬರೆದು ಪಂಚಾರತಿಗೆಂದು ಎರಡು ನಿಮಿಷವನ್ನು ನಾಲ್ಕು ಮಾಡಿಸಿದೆ. ಭಕ್ತಿಯ ವಿಷಯದಲ್ಲಿ ಮೇಲಿನವರು ಯಾವತ್ತೂ ಕೈ ಬಿಗಿ ಹಿಡಿದವರಲ್ಲ.

ಆಮೇಲೆ ನಾನು ದಿನವೂ ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ. ಗಾಡಿ ಬಂದು ನಿಲ್ಲುತ್ತದೆ. ನಾನು ಗಂಟೆ ಬಾರಿಸುತ್ತೇನೆ. ಮೊದಲ ಗಂಟೆಗೇ ನಯನ ಏಣಿಯಿಂದ ಧುಮುಕಿ ಪ್ಲಾಟ್‌ಫಾರಂ ಕೊನೆಯ ಅರಳಿಕಟ್ಟೆಯ ಕಡೆಗೆ ಓಡುತ್ತಾಳೆ. ಅಷ್ಟು ವೇಗವಾಗಿ ಪ್ರದಕ್ಷಿಣೆಗೆ ಹೋಗುವವರನ್ನು ನಾನು ಯಾವ ಕ್ಷೇತ್ರದಲ್ಲೂ ಕಂಡಿಲ್ಲ. ಅರಳಿಕಟ್ಟೆಯ ಹಿಂದೆಯೇ ನಿಲ್ದಾಣದ ಶೌಚಾಲಯವಿರುವುದು ಕಟ್ಟಡ ವಿಭಾಗದವರ ಅಜಾಗರೂಕತೆ. ಅದನ್ನು ಮನಸ್ಸಿಗೆ ತಂದುಕೊಳ್ಳಬಾರದು. ಸ್ಟೇಷನ್ ಮಾಸ್ಟರ್ ನಿಯಾಜ್ ಅವರಂತೂ ಗಾಡಿ ಕಾಣುವ ಮೊದಲೇ ಚನ್ನಪಟ್ಟಣದ ಅರಗಿನ ಆನೆಗೊಂಬೆ ಕಟ್ಟಿದ ಒಂದು ಬೀಗದ ಕೈ ಹಿಡಿದು ಕಟ್ಟೆಯ ಹತ್ತಿರ ನಿಂತಿರುತ್ತಾರೆ.

‘ಓಡಮ್ಮ ಓಡು, ಮೂರನೇ ಆರತಿ ಆಯ್ತು, ಇನ್ನೆರಡೇ ಬಾಕಿ!’ ಎಂದು ಕೂಗಿ ಹುರಿದುಂಬಿಸುತ್ತಾರೆ. ಬೇರೆ ಧರ್ಮದವರಾದರೂ ನಮ್ಮ ಸ್ವಾಮಿಯ ಸೇವೆಯಲ್ಲಿ ಅವರಿಗೆಷ್ಟು ಆಸ್ಥೆ!

ಐದನೆಯ ಆರತಿಗೆ ನಯನ ತಿರುಗಿ ಬರುತ್ತಾಳೆ. ಕೈ ತೊಳೆದು, ಮುಖ ತೊಳೆದು, ಶುದ್ಧಳಾಗಿ. ಮುಖದಲ್ಲಿ ಎಂಥ ಶಾಂತಿ! ಆರತಿಗೆ ಕೈ ಒಡ್ಡಿ, ತೀರ್ಥ ಮೂರು ಉದ್ಧರಣೆ ಸಾಲದೆಂದು ಬಾಟಲಿಯಷ್ಟು ನೀರು ಕುಡಿದು, ಏಣಿ ಹತ್ತುತ್ತಾಳೆ. ದಿನ ಬಿಟ್ಟು ದಿನ ಕೆಂಪರಾಜುವಿನ ಸರದಿ. ಇಪ್ಪತ್ತೆಂಟು ವರ್ಷ ನಾಸ್ತಿಕನಾಗಿದ್ದವನು ಈಗ ಗಂಟೆ ತಡವಾದರೆ ನನಗೇ ಬೈಯುತ್ತಾನೆ: ‘ಲೇ, ಬಾರ್ಸಲಾ ಬೇಗ! ದೇವ್ರು ಕಾಯ್ತನೆ, ನನ್ ಕೈಲಾಗಕಿಲ್ಲ!’ ಅವನ ಸರದಿಯ ದಿನ ನಯನ ಎಂಜಿನ್ನಿನಲ್ಲಿ ಕೂತು ಸಪ್ಪಗಿರುತ್ತಿದ್ದಳು. ಅದನ್ನು ನೋಡಲಾರದೆ, ಅವಳೇ ಬರೆದುಕೊಟ್ಟ ಒಕ್ಕಣೆಯಂತೆ, ಪಂಚಾರತಿಯನ್ನು ಎರಡು ಸಲ ಮಾಡುವ ಏರ್ಪಾಡು ಮಾಡಿದೆ. ಈಗ ಇಬ್ಬರಿಗೂ ದಿನವೂ ಪ್ರದಕ್ಷಿಣೆ. ಹೆಚ್ಚುವರಿ ನಿಲುಗಡೆ ಎಂಟು ನಿಮಿಷ.

ಕೆಂಪು ಸೊನ್ನೆಯ ತಾರೀಖು ಬಂತು. ಡಾಕ್ಟರಮ್ಮ ಪರೀಕ್ಷೆ ಮಾಡಿದರು. ಕಲ್ಲಿಲ್ಲ. ಎಂಜಿನ್ ಕೆಲಸಕ್ಕೆ ಯೋಗ್ಯಳು ಎಂದು ಬರೆದುಕೊಟ್ಟರು. ನಯನ ಚೀಟಿಯನ್ನು ನನ್ನ ಮೇಜಿನ ಮೇಲಿಟ್ಟು ಒಂದು ಪೊಟ್ಟಣ ಮೈಸೂರುಪಾಕು ಕೊಟ್ಟಳು.

‘ನೋಡಿದೆಯಾ ಮಗಳೇ, ಸ್ವಾಮಿಯ ಮಹಿಮೆ’ ಎಂದೆ.

‘ಹೂಂ ಕಣಣ್ಣ. ಕೂತಿದ್ದು ನನ್ ಜಾಗ್ದಲ್ಲೇ ಆದ್ರೂ, ದಾರಿ ತೋರ್ಸಿದ್ದು ಅವ್ನೇ.’

ಈ ಪವಾಡದ ಸುದ್ದಿ ಹಬ್ಬಿತು. ಒಂದೇ ತಿಂಗಳಲ್ಲಿ ಹದಿನೇಳು ಗಾಡಿಗಳ ಚಾಲಕರು ತಮ್ಮ ಎಂಜಿನ್ನಿಗೂ ಸ್ವಾಮಿ ಬೇಕೆಂದು ಅರ್ಜಿ ಹಾಕಿದರು. ಗೂಡ್ಸ್ ಗಾಡಿಯವರು ಒಂದು ಹೆಜ್ಜೆ ಮುಂದೆ ಹೋಗಿ, ತಮಗೆ ಡ್ಯೂಟಿ ದೀರ್ಘವಾದ್ದರಿಂದ ತ್ರಿಕಾಲ ಪೂಜೆ ಬೇಕೆಂದರು. ಸಾಹೇಬರು ಮೇಲಕ್ಕೆ ಬರೆದರು: ‘ಚಾಲಕ ಸಿಬ್ಬಂದಿಯಲ್ಲಿ ಶೌಚಾಲಯದ ಬೇಡಿಕೆ ಸಂಪೂರ್ಣವಾಗಿ ನಿಂತುಹೋಗಿದ್ದು, ಭಕ್ತಿ ಗಣನೀಯವಾಗಿ ಏರಿದೆ. ಸಮಿತಿಯ ಉದ್ದೇಶ ಈಡೇರಿರುತ್ತದೆ.’ ಎಲ್ಲ ಎಂಜಿನ್ನುಗಳಿಗೂ ಅಂಥದೇ ಸ್ಟೀಲಿನ ಕೋಣೆ ಮಂಜೂರಾಗಿದೆ. ಯಾವುದಕ್ಕೂ ನೀರಿನ ಸಂಪರ್ಕ ಕೊಡಬಾರದೆಂಬುದು ಒಂದೇ ಷರತ್ತು. ಸ್ವಾಮಿಯನ್ನು ತೆಗೆಯುವ ಅಧಿಕಾರ ಯಾರಿಗಿದೆ ಎಂಬ ನಮ್ಮ ಪತ್ರಕ್ಕೆ ಇನ್ನೂ ಉತ್ತರ ಬಂದಿಲ್ಲ. ಬಾರದಿರಲಿ ಎಂದು ಚಾಲಕರೆಲ್ಲ ಹರಕೆ ಹೊತ್ತಿದ್ದಾರೆ.

ನಿನ್ನೆ ನಯನ ಇನ್ನೊಂದು ಅರ್ಜಿ ತಂದಳು. ಧನುರ್ಮಾಸ ಹತ್ತಿರ ಬಂತು, ಆ ತಿಂಗಳು ಆರತಿಯನ್ನು ಎರಡರ ಬದಲು ಮೂರು ಸಲ ಮಾಡಬೇಕಂತೆ.

‘ಯಾಕಮ್ಮ, ಧನುರ್ಮಾಸಕ್ಕೇ ಯಾಕೆ?’

‘ಚಳಿ ಅಲ್ವಾಣ್ಣ,’ ಎಂದಳು, ‘ಚಳೀಲಿ ಭಕ್ತಿ ಒಸಿ ಬೇಗ್ ಬೇಗ ಬತ್ತದೆ.’

ಶಿಫಾರಸು ಮಾಡಿ ಕಳಿಸಿದ್ದೇನೆ.