ಗಂಗಹನುಮಯ್ಯನ ಕಿವಿ ಮತ್ತು ಮೂರನೇ ಹೆಲ್ಮೆಟ್ಟು

ಮರಳೂರಿನ ತೆಂಗು ಬೆಳೆಗಾರರ ಒಕ್ಕೂಟದಲ್ಲಿ ಎಲ್ಲರಿಗಿಂತ ಚುರುಕು ಕಿವಿ ತಪಾಲು ಜವಾನ ಗಂಗಹನುಮಯ್ಯನದು ಎಂಬುದು ೨೦೦೭ರ ಹೊತ್ತಿಗೆ ಸರ್ವರಿಗೂ ತಿಳಿದ ಸಂಗತಿ. ತಿಳಿಸಿದವನು ಗಂಗಹನುಮಯ್ಯನೇ. ಕುಣಿಗಲ್ ಫಾರಮ್ಮಿನಲ್ಲಿ ಕುದುರೆ ಕೆನೆದರೆ ತನಗೆ ಮರಳೂರಿಗೆ ಕೇಳುತ್ತದೆ, ಗಂಡೋ ಹೆಣ್ಣೋ ಅಂತಲೂ ಹೇಳಬಲ್ಲೆ ಎಂದು ಇಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದ. ಎರಡು ಕಿವಿಯೂ ಮುಚ್ಚಿಹೋಗಿ ನಾಲ್ಕು ವರ್ಷವಾಗಿದ್ದು ಹೆಂಡತಿ ಹೊಂಬಾಳಮ್ಮನಿಗೆ ಮಾತ್ರ ಗೊತ್ತಿತ್ತು. ಎದುರಿನವರ ತುಟಿ ನೋಡಿಕೊಂಡು ನೌಕರಿ ಸಾಗಿಸುತ್ತಿದ್ದ. ಗುಟ್ಟು ರಟ್ಟಾದರೆ ಒಕ್ಕೂಟದ ಬೈಕು ಕೈಬಿಟ್ಟು, ಕುಣಿಗಲ್ ಗೋಡೌನಿನ ಕೊಬ್ಬರಿ ಚೀಲದ ಮೇಲೆ ಕೂತು ಇಲಿ ಓಡಿಸಬೇಕಾಗಿತ್ತು.

ಅಷ್ಟರಲ್ಲಿ ಸುತ್ತೋಲೆ ಬಂತು. ಗುಬ್ಬಿ, ಕುಣಿಗಲ್ಲಿಗೆ ಹೋಗುವ ಜವಾನನು ಹೆಲ್ಮೆಟ್ ಧರಿಸತಕ್ಕದ್ದು. ಸದರಿ ಹೆಲ್ಮೆಟ್ಟು ಆರಾಮವಾಗಿರತಕ್ಕದ್ದು, ಒಳಗೆ ನಿಶ್ಶಬ್ದವಾಗಿರತಕ್ಕದ್ದು, ಆ ನಿಶ್ಶಬ್ದದಲ್ಲಿ ಅಧಿಕಾರಿಗಳ ಮಾತು ಮಾತ್ರ ಕೇಳುವಂತೆ ಹೆಡ್‌ಸೆಟ್ ಹೊಂದಿರತಕ್ಕದ್ದು.

ಅಂಗಡಿಯಿಂದ ಮೂರು ಹೆಲ್ಮೆಟ್ಟು ತರಿಸಲಾಯಿತು. ಆರಾಮದ ಪರೀಕ್ಷೆಯನ್ನು ಕಾರ್ಯದರ್ಶಿ ಪುಟ್ಟರಂಗಯ್ಯನವರು ತಾವೇ ವಹಿಸಿಕೊಂಡರು. ಊಟವಾದ ಮೇಲೆ ಒಂದೊಂದನ್ನೇ ಹಾಕಿಕೊಂಡು ಕುರ್ಚಿಯಲ್ಲಿ ಮಲಗಿದರು. ಮೂರರಲ್ಲೂ ಗೊರಕೆ ಬಂದದ್ದರಿಂದ ಮೂರೂ ಪಾಸಾದವು.

"ನಿಶ್ಶಬ್ದಕ್ಕೆ ಯಾರ ಕಿವಿ?" ಅಂದರು.

"ಇನ್ಯಾರ್ದು ಸಾರ್, ಕುದುರೆ ಕಿವಿಯವ್ರು ಇದಾರಲ್ಲ" ಅಂದಳು ಗುಮಾಸ್ತೆ ಶಶಿರೇಖಾ.

ಗಂಗಹನುಮಯ್ಯನನ್ನು ಗೋಡೆಗೆ ಮುಖ ಮಾಡಿ ಕೂರಿಸಿದರು. ಹಿಂದಿನಿಂದ ಶಶಿರೇಖಾ ಸ್ಟೀಲ್ ತಟ್ಟೆಗೆ ಸೌಟಿನಲ್ಲಿ ಬಾರಿಸಬೇಕು. ಅವನು ಗೋಡೆಯ ಮೇಲೆ ಅವಳ ಕೈ ನೆರಳು ನೋಡುತ್ತ ಕೂತ. ಮೊದಲ ಹೆಲ್ಮೆಟ್ಟಿಗೆ ನೆರಳು ಆಡಿತು. "ಕೇಳ್ತು. ತಟ್ಟೆ ಅಂಚು ಸೀಳಿದೆ" ಅಂದ. ಎರಡನೆಯದಕ್ಕೂ ಆಡಿತು. "ಕೇಳ್ತು. ಸೌಟು ನಿನ್ನೆ ಸಾರಿಂದು, ಸರಿಯಾಗಿ ತೊಳೆದಿಲ್ಲ" ಅಂದ. ಮೂರನೆಯದು ಮುಖಕ್ಕೆ ಪೂರಾ ಗಾಜಿದ್ದ ಹೆಲ್ಮೆಟ್ಟು. ನೆರಳೇ ಕಾಣಲಿಲ್ಲ. ಬಹಳ ಹೊತ್ತು ಕಾದು, "ಏನೂ ಕೇಳ್ಲಿಲ್ಲ ಸಾರ್" ಅಂದ.

"ಬರ್ಕೊಳಮ್ಮ, ಮೂರನೇದು" ಅಂದರು ಪುಟ್ಟರಂಗಯ್ಯ.

"ನಾನು ಹೊಡೆದೇ ಇಲ್ಲ ಸಾರ್. ಕಾಫಿ ಬಂತು ಅಂತ ಹೋಗಿದ್ದೆ."

"ಹೊಡೀದೆ ಇದ್ರೂ ಕೇಳ್ಲಿಲ್ಲ ಅಂದ್ರೆ, ಅದಕ್ಕಿಂತ ನಿಶ್ಶಬ್ದ ಇನ್ನೆಲ್ಲಿ ಹುಡುಕ್ತೀಯಮ್ಮ? ಬರಿ."

ಮರುದಿನ ರಸ್ತೆ ಪರೀಕ್ಷೆ. ಗಂಗಹನುಮಯ್ಯ ಮೂರನೇ ಹೆಲ್ಮೆಟ್ಟು ಹಾಕಿಕೊಂಡು ಗುಬ್ಬಿ ದಾರಿ ಹಿಡಿದ. ಅರ್ಧ ದಾರಿಯಲ್ಲಿ ದವಡೆಯ ಹತ್ತಿರ ಹೆಡ್‌ಸೆಟ್ಟು ಗುರುಗುಟ್ಟಿ ಅದುರಿದಂತಾಯಿತು. "ಆಯ್ತು ಸಾರ್" ಅಂದ, ಗುಬ್ಬಿಗೆ ಹೋದ, ಇಡ್ಲಿ ತಿಂದ, ಸಂಜೆಗೆ ಬಂದ. ಪುಟ್ಟರಂಗಯ್ಯನವರು ಬಾಗಿಲು ಹಾಕಿದರು.

"ತಿರುಗಿ ಬಾ ಅಂದೆ. ಆಯ್ತು ಸಾರ್ ಅಂದು ಗುಬ್ಬಿಗೆ ಹೋದೆ. ನಿಜ ಹೇಳಯ್ಯ, ನಿಂಗೆ ಕಿವಿ ಕೇಳ್ತದಾ?"

ಕುಣಿಗಲ್ಲಿನ ಇಲಿಗಳೆಲ್ಲ ಗಂಗಹನುಮಯ್ಯನ ಕಣ್ಣ ಮುಂದೆ ಸಾಲಾಗಿ ನಿಂತವು. ಜೀವಮಾನದಲ್ಲೇ ಮೊದಲ ಸಲ ಅವನಿಗೆ ಸುಳ್ಳು ಹುಟ್ಟಲಿಲ್ಲ.

"ಇಲ್ಲ ಸಾರ್. ನಾಲ್ಕು ವರ್ಷ ಆಯ್ತು."

"ನಾಲ್ಕು ವರ್ಷದಿಂದ ಎಲ್ಲಾದಕ್ಕೂ ಆಯ್ತು ಅಂದಿದೀಯ" ಎಂದು ಪುಟ್ಟರಂಗಯ್ಯ ಯೋಚನೆಗೆ ಬಿದ್ದರು. "ಆದ್ರೂ ನಿನ್ನ ಮೇಲೆ ಒಂದು ದೂರೂ ಬಂದಿಲ್ವಲ್ಲೋ."

ಆ ವೇಳೆಗೆ ಗುಬ್ಬಿಯ ಸದಸ್ಯರನ್ನು ಕಟ್ಟಿಕೊಂಡು ಚಿಕ್ಕಬೋರಯ್ಯ ಬಾಗಿಲು ಬಡಿದ. ಕೊಬ್ಬರಿ ತೂಗುವ ತಕ್ಕಡಿ ಸರಿಯಿಲ್ಲ ಎಂಬುದು ಅವನ ಮೂರು ವರ್ಷದ ತಕರಾರು. ಪುಟ್ಟರಂಗಯ್ಯನವರು ಗಂಗಹನುಮಯ್ಯನ ತಲೆಯಿಂದ ಹೆಲ್ಮೆಟ್ಟು ಕಿತ್ತು ತಾವು ಹಾಕಿಕೊಂಡರು. ಚಿಕ್ಕಬೋರಯ್ಯ ಅರ್ಧ ಗಂಟೆ ಕೂಗಾಡಿದ.

"ಆಯ್ತು" ಅಂದರು ಪುಟ್ಟರಂಗಯ್ಯ.

ಚಿಕ್ಕಬೋರಯ್ಯ ತಬ್ಬಿಬ್ಬಾಗಿ ಹೊರಗೆ ಬಂದ. "ಇಷ್ಟ್ ವರ್ಷ ಆಗಲ್ಲ ಆಗಲ್ಲ ಅಂತಿದ್ರು ಕಣ್ರಲಾ. ಇವತ್ತು ಆಯ್ತು ಅಂದವ್ರೆ" ಅಂದ. ಎಲ್ಲರೂ ಸಂತೋಷದಿಂದ ಗುಬ್ಬಿ ಬಸ್ಸು ಹತ್ತಿದರು.

ತಿಂಗಳೊಳಗೆ ಕಚೇರಿಯ ಸಮಸ್ತ ಸಿಬ್ಬಂದಿಗೂ ಮೂರನೇ ಹೆಲ್ಮೆಟ್ಟು ಮಂಜೂರಾಯಿತು. ಸದಸ್ಯರು ತಮಗೂ ಸಮಾನ ಹಕ್ಕು ಬೇಕೆಂದು ಕೇಳಿದ್ದರಿಂದ ಅವರಿಗೂ ಕೊಡಲಾಯಿತು. ಗಂಗಹನುಮಯ್ಯನಿಗೆ ಮಾತ್ರ ಕೊಡಲಿಲ್ಲ. "ಸದರಿ ನೌಕರನಲ್ಲಿ ಹೆಲ್ಮೆಟ್ಟಿನ ಗುಣಗಳು ಹೆಲ್ಮೆಟ್ಟಿಗಿಂತ ಹೆಚ್ಚಾಗಿ ಇರುವುದರಿಂದ ವಿನಾಯಿತಿ ನೀಡಿದೆ; ಬೈಕು ಅವನಲ್ಲೇ ಇರತಕ್ಕದ್ದು" ಎಂದು ಆದೇಶವಾಯಿತು.

ಆ ವರ್ಷದ ಮಹಾಸಭೆ ಹತ್ತೇ ನಿಮಿಷದಲ್ಲಿ ಸರ್ವಾನುಮತದಿಂದ ಮುಗಿಯಿತು. ಮುನ್ನೂರು ಹೆಲ್ಮೆಟ್ಟುಗಳು ಒಂದಕ್ಕೊಂದು ಆಯ್ತು ಅನ್ನುತ್ತಿದ್ದವು. ಬರಿದಲೆಯ ಗಂಗಹನುಮಯ್ಯ ಬಾಗಿಲಲ್ಲಿ ನಿಂತು ಗಾಜುಗಳೊಳಗಿನ ತುಟಿ ನೋಡುತ್ತಿದ್ದ. ಯಾರು ಏನು ಹೇಳುತ್ತಿದ್ದಾರೆಂದು ಆ ಸಭೆಯಲ್ಲಿ ತಿಳಿದದ್ದು ಅವನೊಬ್ಬನಿಗೇ. ಮೂಲೆಯ ಗಾಜಿನೊಳಗೆ ಚಿಕ್ಕಬೋರಯ್ಯನ ತುಟಿ, "ತಕ್ಕಡಿ ಇನ್ನೂ ಹಂಗೇ ಐತೆ" ಅಂದಿತು.

ಗಂಗಹನುಮಯ್ಯ ಅವನ ಕಡೆ ತಿರುಗಿ, ಗೌರವದಿಂದ ತಲೆಯಾಡಿಸಿ, "ಆಯ್ತು" ಅಂದ. ಒಕ್ಕೂಟದಲ್ಲಿ ಎಲ್ಲರಿಗಿಂತ ಚುರುಕು ಕಿವಿ ಅವನದೇ ಎಂದು ಅಂದಿನ ನಡಾವಳಿಯಲ್ಲಿ ದಾಖಲಾಗಿದೆ.