ಸೇಸಮ್ಮನ ಮನೆ ಸೇರಿದ ಬಾಲ್ದಿಗಳು

ಯಾವುದು ಪ್ಲಾಸ್ಟಿಕ್, ಯಾವುದು ಅಲ್ಲ ಎಂಬ ಒಂದೇ ಪ್ರಶ್ನೆ ಸೌದಾಳ ತಲೆಯನ್ನು ಮೂರು ದಿನದಿಂದ ಕಡೆಯುತ್ತಿತ್ತು.

ಅವಳ ಗಂಡ ಅಬ್ದುಲ್ ಶುಕೂರ್ ದಮ್ಮಾಮಿನ ಕೆಲಸ ಬಿಟ್ಟು ಬಂದು, ಗುರುವಾಯನಕೆರೆಯಿಂದ ನಾಲ್ಕು ಮೈಲು ಒಳಗೆ, ಕಾಡಿನಂಚಿನ ತಮ್ಮ ಮನೆಗೆ ತಾಗಿಯೇ ಮೂರು ಮಣ್ಣಿನ ಕೋಣೆ ಎಬ್ಬಿಸಿ ‘ಪರಿಸರಸ್ನೇಹಿ ವಸತಿಧಾಮ’ ಎಂದು ಬೋರ್ಡು ಹಾಕಿದ್ದ. ಹಿಂದೆ ಹಕ್ಕಿಗೆ ಬಲೆ ಹಾಕುತ್ತಿದ್ದ ಲೋಕಯ್ಯನೇ ಈಗ ಅತಿಥಿಗಳಿಗೆ ಹಕ್ಕಿ ತೋರಿಸುವವ. (ಬಾಯಿಯ ನೀರನ್ನು ಗುಟುಕರಿಸಿಕೊಂಡೇ ತೋರಿಸುತ್ತಾನೆ, ಅದು ಬೇರೆ ಮಾತು.)

ಇಂದು ಬೆಂಗಳೂರಿನ ಸಂಘವೊಂದರ ಮೇಡಂ ವಸತಿಧಾಮದ ಪರೀಕ್ಷೆಗೆ ಬರುವವರಿದ್ದರು. ಪಾಸಾದರೆ ಸಂಘ ವರ್ಷವಿಡೀ ಅತಿಥಿಗಳನ್ನು ಕಳಿಸುತ್ತದೆ; ಫೇಲಾದರೆ ಶುಕೂರ್ ಮತ್ತೆ ದಮ್ಮಾಮಿನ ವಿಮಾನ ಹತ್ತಬೇಕು. ಮೂರು ವರ್ಷದ ಮಗಳು ಶಬ್ನಾ ಈಗಷ್ಟೇ ಟೆಲಿಫೋನನ್ನು ಬಿಟ್ಟು ಅಪ್ಪನೆಂಬ ಮನುಷ್ಯನನ್ನು ‘ಉಪ್ಪಾ’ ಎಂದು ಕರೆಯಲು ಕಲಿತಿದ್ದಳು.

“ಅಡುಗೆಮನೆ ಒಂದೇ ಅಲ್ವಾ, ನಮ್ಮ ಮನೆಯನ್ನೂ ನೋಡ್ತಾರೆ. ಒಂದು ಚೂರು ಪ್ಲಾಸ್ಟಿಕ್ ಕಾಣಬಾರದು,” ಎಂದ ಶುಕೂರ್, ಚಪ್ಪಲಿ ಮೆಟ್ಟುತ್ತಾ.

“ಹಲ್ಲುಜ್ಜುವ ಬ್ರಷ್ಷು?”

“ಪ್ಲಾಸ್ಟಿಕ್.”

“ಸ್ವಿಚ್ಚು?”

“ಅದು... ಗೋಡೆಯಲ್ಲಿ ಉಂಟಲ್ಲ, ಇರಲಿ.”

“ನಿಮ್ಮ ಕನ್ನಡಕ?”

“ನನ್ನನ್ನೇ ಹೊರಗೆ ಹಾಕ್ತೀಯಾ ಮಾರಾಯ್ತಿ?”

ಹೊರಗೆ ಹಾಕುವುದಕ್ಕಲ್ಲ, ಇರಿಸಿಕೊಳ್ಳುವುದಕ್ಕೇ ಇಷ್ಟು ಪಾಡು ಎಂದು ಸೌದಾ ತನ್ನ ಡೈರಿಯಲ್ಲಿ ಬರೆದಳು. ಆಮೇಲೆ ಡೈರಿಯ ರಟ್ಟಿಗೂ ಪ್ಲಾಸ್ಟಿಕ್ ಹೊದಿಕೆ ಇರುವುದು ಕಂಡು ಬೆವರಿದಳು.

ಶುಕೂರ್ ಮೇಡಮ್ಮನ್ನು ಕರೆತರಲು ಬಸ್‌ಸ್ಟ್ಯಾಂಡಿಗೆ ಹೋದ. ಸೌದಾ ಏಳು ಬಾಲ್ದಿ, ಆರು ಮಗ್ಗು, ಎರಡು ಕುರ್ಚಿ, ದಮ್ಮಾಮಿನ ಫ್ಲಾಸ್ಕು, ಶಬ್ನಾಳ ಕೆಂಪು ಕುದುರೆ, ಎಂದೂ ಬಾಡದ ಗುಲಾಬಿಗಳು, ಎಲ್ಲವನ್ನೂ ನಾಲ್ಕು ಸಲ ಓಡಾಡಿ ಕೆಳಗಿನ ಸೇಸಮ್ಮನ ಮನೆಗೆ ಸಾಗಿಸಿದಳು. ಸೇಸಮ್ಮ ವಸತಿಧಾಮದ ಅಡುಗೆಯವಳು.

“ಸಂಜೆವರೆಗೆ ಇರಲಿ ಸೇಸಮ್ಮ. ಯಾರಿಗೂ ಹೇಳ್ಬೇಡಿ.”

“ನಾನು ಯಾಕೆ ಹೇಳ್ಲಿ ಅಕ್ಕ? ಕೇಳಿದ್ರೆ ಮಾತ್ರ ಹೇಳ್ತೇನೆ.”

ಈ ಮಾತಿನಲ್ಲಿ ಏನೋ ಸರಿಯಿಲ್ಲ ಎನಿಸಿತು. ಆದರೆ ಯೋಚಿಸಲು ಪುರುಸೊತ್ತೆಲ್ಲಿ?

ಮೇಡಂ ಮಣ್ಣಿನ ಹೂಜಿ ಕಂಡು ಹಿಗ್ಗಿದರು, ತಾಮ್ರದ ತಂಬಿಗೆ ಕಂಡು ಫೋಟೋ ತೆಗೆದರು, ಲೋಕಯ್ಯನ ಹಕ್ಕಿ ಕಂಡು ಕಣ್ಣರಳಿಸಿದರು. ಕೊನೆಗೆ ಕಾಗದ ತಿರುವಿ, “ಇನ್ನೊಂದೇ ಬಾಕಿ. ನಿಮ್ಮಿಂದ ಊರವರಿಗೆ ಏನು ಉಪಕಾರ ಆಗಿದೆ? ಕೆಲಸದವರ ಒಂದು ಮನೆ ನೋಡ್ತೀನಿ,” ಎಂದರು.

“ಅದಕ್ಕೇನು, ಇಲ್ಲೇ ಕೆಳಗೆ ನಮ್ಮ ಸೇಸಮ್ಮನ ಮನೆ!” ಎಂದ ಶುಕೂರ್ ಉತ್ಸಾಹದಿಂದ. ಸೌದಾ ಹಿಂದಿನಿಂದ ಚಿವುಟಿದಳು. “ಎಂತ, ಇರುವೆಯಾ?” ಎಂದು ಆ ಪುಣ್ಯಾತ್ಮ ಬೆನ್ನು ಕೆರೆದುಕೊಂಡ.

ಸೇಸಮ್ಮನ ಜಗಲಿಯಲ್ಲಿ ಬಾಲ್ದಿಗಳು ಮದುವೆ ದಿಬ್ಬಣದಂತೆ ಸಾಲಾಗಿ ಕುಳಿತಿದ್ದವು. ಮೇಡಂ ದಂಗಾದರು. “ಇಷ್ಟೆಲ್ಲ ಎಲ್ಲಿಂದ ಬಂತಮ್ಮಾ?”

ಕೇಳಿಯೇ ಬಿಟ್ಟರು. ಸೇಸಮ್ಮ ಹೇಳಿಯೇ ಬಿಟ್ಟಳು. “ಅಕ್ಕ ಕೊಟ್ಟದ್ದು.”

ಸೌದಾಳ ಎದೆ ಬಾವಿಗೆ ಬಿದ್ದ ಕೊಡಪಾನದಂತೆ ಗುಳುಗುಳು ಮುಳುಗಿತು. ಮೇಡಂ ಅವಳತ್ತ ತಿರುಗಿದರು. ಅವರ ಕಣ್ಣಲ್ಲಿ ನೀರಿತ್ತು!

“ಪ್ಲಾಸ್ಟಿಕ್ ಬಿಟ್ಟವರನ್ನು ನೋಡಿದೀನಿ. ಬಿಟ್ಟಿದ್ದನ್ನು ಎಸೆಯದೆ, ಮಗುವಿನ ಕುದುರೆಯನ್ನೂ ಬಿಡದೆ ಬಡವರಿಗೆ ಕೊಟ್ಟವರನ್ನು ಇವತ್ತೇ ನೋಡಿದ್ದು! ವಾಪಸ್ ತಗೊಳ್ಳೋದಿಲ್ಲ ತಾನೆ?”

ಸೌದಾ ಫ್ಲಾಸ್ಕನ್ನು ನೋಡಿದಳು, ಕುದುರೆಯನ್ನು ನೋಡಿದಳು, ಬೆನ್ನು ಕೆರೆಯುತ್ತಿದ್ದ ಗಂಡನನ್ನೂ, ಅವನ ಹೆಗಲ ಮೇಲಿದ್ದ ಶಬ್ನಾಳನ್ನೂ ನೋಡಿದಳು.

“ಛೆ, ಛೆ. ಕೊಟ್ಟದ್ದು ಕೊಟ್ಟದ್ದೇ,” ಎಂದಳು.

ಮೇಡಂ ಅಲ್ಲೇ ಸಹಿ ಹಾಕಿದರು. ಪ್ರತಿ ವರ್ಷ ಸೇಸಮ್ಮನ ಮನೆಗೂ ಬರುತ್ತೇನೆಂದು ಮಾತು ಕೊಟ್ಟರು.

ಗಂಡ ಊರಲ್ಲೇ ಉಳಿದ ಆನಂದಕ್ಕೆ ಸೌದಾ ಮರುದಿನ ಬೆಳಿಗ್ಗೆ ತಾಮ್ರದ ಕೊಡದಲ್ಲಿ ನೀರು ಹೊತ್ತು, ಸೊಂಟ ಎಡಕ್ಕೋ ಬಲಕ್ಕೋ ಮುರಿಯುವುದೆಂದು ತಿಳಿಯದೆ ನಿಂತಿದ್ದಾಗ, ಸೇಸಮ್ಮ ಹಿತ್ತಿಲ ಬಾಗಿಲಲ್ಲಿ ಕಾಣಿಸಿಕೊಂಡಳು.

“ಅಕ್ಕಾ, ಆ ದೊಡ್ಡ ಹಸಿರು ಬಾಲ್ದಿಯ ಮುಚ್ಚಳ ಇಲ್ಲೇ ಉಳಿದಿದೆಯಾ ಅಂತ?”